ಗೋಹರಬಾಯಿ ಕರ್ನಾಟಕಿ: ಇನ್ನೊಬ್ಬರ ಕತೆಯಲ್ಲಿ ಕಳೆದುಹೋದ ಗಾಯಕಿ

ಗೋಹರ್ ಎಂದರೆ ಉರ್ದುವಿನಲ್ಲಿ ಮುತ್ತು. ನಮ್ಮ ದೇಶದ ಹಾಡು ಮತ್ತು ಅಭಿನಯದ ಚರಿತ್ರೆಯಲ್ಲಿ ಈ ಹೆಸರಿನ ಮೂವರು ಹೆಣ್ಣುಮಕ್ಕಳು ಹೆಚ್ಚು ಅಂತರವಿಲ್ಲದ ಕಾಲದಲ್ಲಿ ಆಗಿಹೋಗಿದ್ದಾರೆ. ಮೊದಲನೆಯವರು ಕಲ್ಕತ್ತೆಯ ಗೋಹರ್ ಜಾನ್. 1902ರಲ್ಲಿ ಗ್ರಾಮೋಫೋನ್ ಕಂಪನಿಯವರು ಹಿಂದೂಸ್ತಾನದ ಹಾಡುಗಳನ್ನು ತಟ್ಟೆಗಿಳಿಸಲು ಬಂದಾಗ ಹಾಡಿದ ಮೊದಲಿಗರಲ್ಲಿ ಒಬ್ಬರು. ಹಾಡು ಮುಗಿದ ಕೂಡಲೇ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಿದ್ದವರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಎರಡನೆಯವರು ಮುಂಬಯಿಯ ಮೂಕಿ ಚಿತ್ರಗಳ ಕಾಲದ ತಾರೆ, ಚಂದೂಲಾಲ್ ಶಾ ಅವರ ಜೊತೆ ರಣಜಿತ್ ಚಿತ್ರಸಂಸ್ಥೆಯನ್ನು ಕಟ್ಟಿ ಬೆಳೆಸಿದ ಮಿಸ್ ಗೋಹರ್. ಮೂರನೆಯವರು ನಮ್ಮವರು. ಬಿಜಾಪುರ ಸೀಮೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ.

ಮೊದಲಿನ ಇಬ್ಬರನ್ನು ಚರಿತ್ರೆ ಹೇಗೋ ನೆನಪಿಟ್ಟುಕೊಂಡಿದೆ. ಮೂರನೆಯವರ ವಿಷಯ ಹಾಗಲ್ಲ. ಬಹಳ ಸಲ ಇವರನ್ನು ಕಲ್ಕತ್ತೆಯ ಗೋಹರ್ ಜಾನ್ ಎಂದೇ ತಿಳಿದುಕೊಂಡು ಮಾತಾಡುವವರನ್ನು ನಾವು ಕಂಡಿದ್ದೇವೆ. ಹಾಗೆ ತಪ್ಪು ತಿಳಿಯದವರು ಇವರನ್ನು ಎರಡೇ ರೀತಿಯಲ್ಲಿ ಪರಿಚಯಿಸುತ್ತಾರೆ: ಮರಾಠಿ ರಂಗಭೂಮಿಯ ಮಹಾನಟ ಬಾಲಗಂಧರ್ವರ ಎರಡನೆಯ ಹೆಂಡತಿ, ಇಲ್ಲವೇ ಹಿಂದಿ ಚಿತ್ರಗಳ ಹಿನ್ನೆಲೆ ಗಾಯಕಿ ಅಮೀರಬಾಯಿ ಕರ್ನಾಟಕಿಯವರ ಅಕ್ಕ. ಎರಡೂ ನಿಜವೇ. ಆದರೆ ರಂಗದ ಮೇಲೆ ನಿಂತು ಹಾಡಿದ, ಪಾತ್ರ ಮಾಡಿದ, ತಟ್ಟೆಗಳಲ್ಲಿ ದನಿ ಬಿಟ್ಟುಹೋದ ಒಬ್ಬ ಕಲಾವಿದೆಗೆ ಸಂಬಂಧದ ಹೆಸರುಗಳಷ್ಟೇ ಉಳಿದಿವೆ ಎಂದರೆ, ತಪ್ಪು ಎಲ್ಲಿ ಆಯಿತು ಎಂದು ಕೇಳಬೇಕಾಗುತ್ತದೆ. ಈ ಬರಹದಲ್ಲಿ ನಾವು ಕೇಳಹೊರಟಿರುವುದು ಅದನ್ನೇ.

ನಾವು ಈ ಪ್ರಶ್ನೆಗೆ ಬಂದ ದಾರಿಯನ್ನು ಮೊದಲು ಹೇಳಬೇಕು. ನಮ್ಮ ನಾನಿಗೆ ಓದು ಬರುತ್ತಿರಲಿಲ್ಲ, ಆದರೆ ರೇಡಿಯೋ ಹಚ್ಚಲು ಬರುತ್ತಿತ್ತು. ಬೆಳಗಿನ ಹೊತ್ತು ವಿವಿಧ ಭಾರತಿಯಲ್ಲಿ ಹಳೆಯ ಹಾಡುಗಳು ಬರುವಾಗ ರೊಟ್ಟಿ ಬಡಿಯುತ್ತ ಗುನುಗುತ್ತಿದ್ದಳು. ಕೆಲವು ಹಾಡುಗಳಿಗೆ ಕೈ ನಿಲ್ಲಿಸಿ, "ಇವಳು ನಮ್ಮ ಕಡೆಯವಳು" ಎನ್ನುತ್ತಿದ್ದಳು. ಹೊರಗಿನ ಬಾಗಿಲಲ್ಲಿ ನಾನಾ ಕೆಮ್ಮಿದ ಸದ್ದು ಕೇಳಿದರೆ ಗುನುಗು ನಿಲ್ಲುತ್ತಿತ್ತು, ರೇಡಿಯೋ ಕೂಡ. ನಾವು ಉರ್ದು ಶಾಲೆಯಲ್ಲಿ ಓದಿದೆವು, ಆಮೇಲೆ ಕನ್ನಡ ಶಾಲೆಗೆ ಬಂದೆವು. ಎರಡೂ ಕಡೆ "ನಮ್ಮ ಕಡೆಯವಳು" ಯಾರು ಎಂದು ಯಾರೂ ಹೇಳಲಿಲ್ಲ. ಅವಳು ಅಮೀರಬಾಯಿ ಎಂಬುದು, ಅವಳಿಗೊಬ್ಬ ಅಕ್ಕ ಇದ್ದಳು, ಆ ಅಕ್ಕ ಕಂಪನಿ ನಾಟಕದವಳು ಎಂಬುದು ನಮಗೆ ತಿಳಿದದ್ದು ಮೀಸೆ ಬಂದ ಮೇಲೆ.

ಗೋಹರಬಾಯಿ ಬೆಳೆದ ಸೀಮೆಯನ್ನು ಅರ್ಥ ಮಾಡಿಕೊಳ್ಳದೆ ಅವರ ಹಾಡನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆಗ ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಅಲ್ಲಿ ಕನ್ನಡ ಮನೆ-ಬೀದಿಯ ಮಾತು, ಮರಾಠಿ ಕಚೇರಿ ಮತ್ತು ನಾಟಕದ ಮಾತು, ದಖನಿ ನಮ್ಮವರ ಮಾತು. ಮರಾಠಿ ಸಂಗೀತ ನಾಟಕದ ಪಿತಾಮಹ ಎನಿಸಿಕೊಂಡ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಸಂಗೀತ ಶಾಕುಂತಲ' 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. ಮರಾಠಿ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದವು. ಆ ಅಬ್ಬರಕ್ಕೆ ಎದುರಾಗಿಯೇ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದು. ಆದರೆ ಜನ ಹಾಡಿಗೆ ಗಡಿ ಹಾಕಲಿಲ್ಲ. ಕನ್ನಡ ನಾಟಕದಲ್ಲಿ ಮರಾಠಿ ನಾಟ್ಯಗೀತೆಯ ಮಟ್ಟು, ಮರಾಠಿ ನಾಟ್ಯಗೀತೆಯಲ್ಲಿ ಕರ್ನಾಟಕದ ದೇವರನಾಮದ ಮಟ್ಟು, ಎರಡರ ಹಿಂದೆಯೂ ಹಿಂದೂಸ್ತಾನಿ ಉಸ್ತಾದರ ರಾಗ. ಇಂಥ ಸೀಮೆಯ ಮುಸ್ಲಿಂ ಮನೆಯ ಹುಡುಗಿ ನಾಟ್ಯಗೀತೆ ಹಾಡಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅದು ಅವಳ ಕಿವಿಗೆ ಬಿದ್ದ ಮೊದಲ ಸಂಗೀತಗಳಲ್ಲೊಂದು.

ಆ ನಾಟ್ಯಗೀತೆಯ ಶಿಖರದಲ್ಲಿ ಇದ್ದವರು ನಾರಾಯಣರಾವ್ ರಾಜಹಂಸ, ಅಂದರೆ ಬಾಲಗಂಧರ್ವ. 1888ರಲ್ಲಿ ಹುಟ್ಟಿ, 1905ರಲ್ಲಿ ಕಿರ್ಲೋಸ್ಕರ್ ಮಂಡಳಿ ಸೇರಿ, 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿದರು. ಅವರು ಮಾಡಿದ್ದು ಸ್ತ್ರೀಪಾತ್ರಗಳನ್ನು. 'ಸ್ವಯಂವರ'ದ ರುಕ್ಮಿಣಿ, 'ಏಕಚ್ ಪ್ಯಾಲಾ'ದ ಸಿಂಧು ಅವರಿಂದಲೇ ಮನೆಮಾತಾದವು. ಅವರು ಸೀರೆ ಉಟ್ಟ ಬಗೆ, ಹೂ ಮುಡಿದ ಬಗೆ ನೋಡಿ ಪುಣೆ, ಮುಂಬಯಿಯ ಕುಲೀನ ಮನೆಗಳ ಹೆಂಗಸರು ಕಲಿತರು ಎಂದು ಮರಾಠಿ ರಂಗಚರಿತ್ರೆ ಹೆಮ್ಮೆಯಿಂದ ಹೇಳುತ್ತದೆ. ಹೆಮ್ಮೆಪಡುವುದಕ್ಕೆ ನಮ್ಮ ತಕರಾರಿಲ್ಲ. ಅದು ಅಸಾಮಾನ್ಯ ಕಲೆ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಹೆಣ್ಣು ರಂಗಕ್ಕೆ ಬರಬಾರದು ಎಂದ ಸಮಾಜ, ಗಂಡು ಕಟ್ಟಿದ ಹೆಣ್ಣನ್ನು ಹೆಣ್ಣಿನ ಮಾದರಿ ಎಂದು ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಂಡ ಮೇಲೆ ನಿಜವಾದ ಹೆಣ್ಣೊಬ್ಬಳು ಆ ರಂಗ ಹತ್ತಿದರೆ ಅವಳನ್ನು ಅಳೆಯುವ ಕೋಲು ಯಾವುದು? ಗಂಡು ಮಾಡಿದ ಹೆಣ್ಣೇ.

ಗೋಹರಬಾಯಿಯವರ ಎದುರಿಗೆ ಇದ್ದದ್ದು ಈ ಕೋಲು. ಅವರು ಬಾಲಗಂಧರ್ವರ ಗಾಯನವನ್ನು ಮನಸಾರೆ ಮೆಚ್ಚಿದ್ದರು, ಅವರ ಧಾಟಿಯಲ್ಲೇ ಹಾಡುತ್ತಿದ್ದರು. ಅವರ ನಾಟ್ಯಗೀತೆಗಳ ತಟ್ಟೆಗಳನ್ನು ಕೇಳಿದವರಿಗೆ ಆ ಛಾಪು ಎದ್ದು ಕಾಣುತ್ತದೆ. ಪದವನ್ನು ಒತ್ತದೆ ಜಾರಿಸುವುದು, ಸಾಲಿನ ಕೊನೆಯನ್ನು ತುಂಡರಿಸದೆ ಮುಂದಿನ ಸಾಲಿಗೆ ಒಪ್ಪಿಸುವುದು, ಲಯದ ಮೇಲೆ ಕೂತೂ ಕೂರದಂತೆ ಇರುವುದು, ಇವೆಲ್ಲ ಗಂಧರ್ವ ಗಾಯಕಿಯ ಲಕ್ಷಣಗಳು. ಇದನ್ನು ಕೇಳಿ ವಿಮರ್ಶಕರು ಸುಲಭವಾಗಿ "ನಕಲು" ಎಂದುಬಿಟ್ಟರು. ನಮ್ಮ ಪ್ರಶ್ನೆ ಇಷ್ಟೇ: ಬಾಲಗಂಧರ್ವರ ಧಾಟಿಯಲ್ಲಿ ಹಾಡಿದ ಗಂಡಸರು ಎಷ್ಟು ಮಂದಿ ಇರಲಿಲ್ಲ? ಅವರನ್ನು ಪರಂಪರೆಯ ವಾರಸುದಾರರು ಎನ್ನುತ್ತೇವೆ. ಗಂಡು ಅನುಸರಿಸಿದರೆ ಪರಂಪರೆ, ಹೆಣ್ಣು ಅನುಸರಿಸಿದರೆ ನಕಲು ಎಂಬ ನ್ಯಾಯ ಎಲ್ಲಿಯದು?

ಇನ್ನೊಂದು ಮಾತು. ಗಂಡಸಿನ ಕಂಠ ಹೆಣ್ಣಿನ ಕಂಠವಾಗಲು ಮಾಡಿಕೊಂಡ ಉಪಾಯಗಳನ್ನು ಹೆಣ್ಣಿನ ಕಂಠ ಹಾಡಿದಾಗ ಹಾಡು ಅದೇ ಆಗಿ ಉಳಿಯುವುದಿಲ್ಲ. ಬಾಲಗಂಧರ್ವರಲ್ಲಿ ಮೃದುವಾಗುವುದು ಒಂದು ಸಾಧನೆ. ಅದರಲ್ಲಿ ತನ್ನನ್ನು ತಾನು ಹಿಡಿದಿಟ್ಟುಕೊಂಡ ಪ್ರಯಾಸವಿದೆ, ಆ ಪ್ರಯಾಸವೇ ಅದರ ಸೊಗಸು. ಗೋಹರಬಾಯಿಯವರಲ್ಲಿ ಆ ಹಿಡಿತ ಬೇಕಿಲ್ಲ. ಅದೇ ತಿರುವು ಬಂದಾಗ ಅವರ ದನಿ ತುಸು ತೆರೆದುಕೊಳ್ಳುತ್ತದೆ, ಬಯಲುಸೀಮೆಯ ಕಂಠದ ಗಟ್ಟಿತನ ಹೊರಗೆ ಬರುತ್ತದೆ. ನಾವು ಸಂಗೀತ ಶಾಸ್ತ್ರ ಓದಿದವರಲ್ಲ, ಕಿವಿಗೆ ಬಿದ್ದದ್ದನ್ನು ಹೇಳುತ್ತಿದ್ದೇವೆ. ಆದರೆ ನಕಲು ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವಷ್ಟು ಸಣ್ಣ ಸಂಗತಿ ಇದಲ್ಲ ಎಂಬುದು ಮೂರು ನಿಮಿಷದ ಒಂದು ತಟ್ಟೆ ಕೇಳಿದರೂ ಗೊತ್ತಾಗುತ್ತದೆ.

1938ರಲ್ಲಿ ಗೋಹರಬಾಯಿ ಗಂಧರ್ವ ನಾಟಕ ಮಂಡಳಿ ಸೇರಿದರು. ಕಲೆಯ ನಂಟು ಬದುಕಿನ ನಂಟೂ ಆಯಿತು. ಬಾಲಗಂಧರ್ವರ ಮೊದಲ ಪತ್ನಿ ಲಕ್ಷ್ಮೀಬಾಯಿ 1940ರಲ್ಲಿ ತೀರಿಕೊಂಡರು. ನಾರಾಯಣರಾಯರು ಮತ್ತು ಗೋಹರಬಾಯಿ 1951ರಲ್ಲಿ ಮದುವೆಯಾದರು. ಮರಾಠಿ ಪ್ರೇಕ್ಷಕರ ಆರಾಧ್ಯ ದೈವದಂತಿದ್ದ ಬ್ರಾಹ್ಮಣ ನಟ, ಬೀಳಗಿಯ ಮುಸ್ಲಿಂ ಹಾಡುಗಾರ್ತಿ. ಅಭಿಮಾನಿಗಳಲ್ಲಿ ಬಹಳ ಮಂದಿಗೆ ಇದು ಸಹಿಸಲಾಗಲಿಲ್ಲ. ಅಲ್ಲಿಂದ ಮುಂದೆ ಕತೆ ಹುಟ್ಟಿತು: ಈಕೆ ಬಂದು ಅವರನ್ನು ಮರುಳು ಮಾಡಿದಳು, ಕಂಪನಿ ಮುಳುಗಿಸಿದಳು, ದೇವರಂಥ ಮನುಷ್ಯನನ್ನು ಬೀದಿಗೆ ತಂದಳು. ಈ ಕತೆ ಎಷ್ಟು ಗಟ್ಟಿಯೆಂದರೆ ಇವತ್ತಿಗೂ ಬಾಲಗಂಧರ್ವರ ಬಗ್ಗೆ ಮಾತು ಬಂದಾಗ ಒಳ್ಳೆಯ ರಸಿಕರೂ ಗೋಹರಬಾಯಿಯ ಹೆಸರಿಗೆ ಬರುವಷ್ಟರಲ್ಲಿ ದನಿ ತಗ್ಗಿಸುತ್ತಾರೆ.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡೋಣ. ಗಂಧರ್ವ ಕಂಪನಿ ದೊಡ್ಡ ಸಾಲದಲ್ಲಿ ಸಿಕ್ಕಿಕೊಂಡದ್ದು 1920ರ ದಶಕದ ಆರಂಭದಲ್ಲೇ. ರಂಗದ ಮೇಲೆ ರೇಷ್ಮೆ, ಜರಿ, ಬೆಲೆಬಾಳುವ ರತ್ನಗಂಬಳಿ. ಥಿಯೇಟರಿನಲ್ಲಿ ಅತ್ತರಿನ ಪರಿಮಳ. ವೈಭವಕ್ಕೆ ಲೆಕ್ಕವಿಡುವ ಸ್ವಭಾವ ಬಾಲಗಂಧರ್ವರದ್ದಾಗಿರಲಿಲ್ಲ ಎಂಬುದು ಅವರನ್ನು ಪ್ರೀತಿಸಿದವರೇ ಹೇಳುವ ಮಾತು. 1931ರಲ್ಲಿ 'ಆಲಂ ಆರಾ' ಬಂತು. 1932ರಲ್ಲಿ ಪ್ರಭಾತ್‌ನವರ 'ಅಯೋಧ್ಯೇಚಾ ರಾಜಾ' ಮರಾಠಿಯನ್ನೂ ಮಾತಾಡಿಸಿತು. 1934ರಲ್ಲಿ 'ಸತಿ ಸುಲೋಚನ' ಕನ್ನಡವನ್ನು. ರಾತ್ರಿಯಿಡೀ ನಡೆಯುವ ನಾಟಕ ನೋಡುತ್ತಿದ್ದವರು ಎರಡೂವರೆ ಗಂಟೆಯ ಬೋಲ್ತಿ ಚಿತ್ರಕ್ಕೆ ಹೋದರು. ಸಂಗೀತ ನಾಟಕ ಕಂಪನಿಗಳು ಒಂದೊಂದಾಗಿ ಸೊರಗಿದವು. ಬಾಲಗಂಧರ್ವರೇ 1935ರಲ್ಲಿ ಶಾಂತಾರಾಮರ 'ಧರ್ಮಾತ್ಮ'ದಲ್ಲಿ ಸಂತ ಏಕನಾಥರಾಗಿ ಕ್ಯಾಮೆರಾ ಮುಂದೆ ನಿಂತರು. ಇಷ್ಟೆಲ್ಲ ಆದ ಮೇಲೆ, ನಟನಿಗೆ 50 ತುಂಬಿದ ವರ್ಷ, ಗೋಹರಬಾಯಿ ಕಂಪನಿಗೆ ಬಂದರು. ಮುಳುಗುತ್ತಿದ್ದ ಹಡಗಿಗೆ ಕೊನೆಗೆ ಹತ್ತಿದವಳು ಹಡಗಿಗೆ ತೂತು ಕೊರೆದಳು ಎಂದರೆ ನಂಬುವುದು ಹೇಗೆ?

ಇನ್ನೂ ಒಂದು ಸಂಗತಿ ಇದೆ. ಬಾಲಗಂಧರ್ವರ ಗುರು ಭಾಸ್ಕರಬುವಾ ಬಖಲೆಯವರು ಕಲಿತದ್ದು ಫೈಜ್ ಮಹಮ್ಮದ್ ಖಾನ್, ನತ್ಥನ್ ಖಾನ್, ಅಲ್ಲಾದಿಯಾ ಖಾನ್ ಅವರಂಥ ಉಸ್ತಾದರಿಂದ. ಗಂಧರ್ವ ಕಂಪನಿಯ ತಬಲಾದ ಮೇಲೆ ವರ್ಷಗಟ್ಟಲೆ ಕೂತವರು ಉಸ್ತಾದ್ ಅಹ್ಮದ್ ಜಾನ್ ಥಿರಕ್ವಾ. ಸಾರಂಗಿ ಕಾದರ್ ಬಕ್ಷ್ ಅವರದು. ಥಿರಕ್ವಾ ಸಾಹೇಬರ ಬೆರಳಿನ ಮಾತಿಗೆ ಮರಾಠಿ ರಸಿಕರು ತಲೆದೂಗಿದರು. ಇವತ್ತಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಅಂದರೆ ಮುಸ್ಲಿಮರು ರಂಗದ ಕೆಳಗೆ ಸಾಥಿಗೆ ಕೂತಾಗ ಯಾರಿಗೂ ತೊಂದರೆಯಾಗಲಿಲ್ಲ. ಮುಸ್ಲಿಂ ಹೆಣ್ಣು ರಂಗದ ಮೇಲೆ ಬಂದಾಗ, ಅಲ್ಲಿಂದ ಮನೆಯೊಳಗೆ ಬಂದಾಗ ತೊಂದರೆ ಆಯಿತು. ಕಲೆಗೆ ಜಾತಿ-ಮತವಿಲ್ಲ ಎಂದು ಸಭೆಗಳಲ್ಲಿ ಹೇಳುತ್ತೇವೆ. ಮಾತು ಸುಳ್ಳಲ್ಲ. ಆದರೆ ಆ ಮಾತಿಗೆ ಒಂದು ಹೊಸ್ತಿಲಿದೆ. ಗೋಹರಬಾಯಿ ಆ ಹೊಸ್ತಿಲು ದಾಟಿದರು.

ಹೀರಾಬಾಯಿ ಬಡೋದೇಕರ್ ಅವರನ್ನು ಇಲ್ಲಿ ನೆನೆಯಬೇಕು. ಅವರು ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮತ್ತು ತಾರಾಬಾಯಿ ಮಾನೆಯವರ ಮಗಳು. ಮರಾಠಿ ಸಂಗೀತ ನಾಟಕದಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಿ ಗೌರವ ಪಡೆದ ಮೊದಲಿಗರಲ್ಲಿ ಒಬ್ಬರು. ಅವರ ಗೌರವ ಅವರ ಕಲೆಯಿಂದಲೇ ಬಂದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ತಾಯಿಯ ಮನೆಯ ಹೆಸರಿನಲ್ಲಿ, ಮರಾಠಿ ಹೆಣ್ಣುಮಗಳಾಗಿ ರಂಗಕ್ಕೆ ಬಂದರು. ಗೋಹರಬಾಯಿ ಗೋಹರಬಾಯಿಯಾಗಿಯೇ ಬಂದರು, ಕರ್ನಾಟಕಿಯಾಗಿಯೇ ಬಂದರು. ಧರ್ಮವೂ ಬೇರೆ, ಸೀಮೆಯೂ ಬೇರೆ. ಒಂದೇ ಹೆಸರಿನಲ್ಲಿ ಎರಡು ಪರಕೀಯತೆ ಹೊತ್ತವರನ್ನು ದೂರುವುದು ಸುಲಭ.

ನಮ್ಮ ಕಡೆಯ ರಂಗಭೂಮಿ ಇದಕ್ಕಿಂತ ಉದಾರವಾಗಿತ್ತು ಎಂದು ಹೇಳಿಕೊಳ್ಳಲು ಮನಸ್ಸಾಗುತ್ತದೆ. ಸ್ವಲ್ಪ ನಿಜವೂ ಇದೆ. ಲಕ್ಷ್ಮೇಶ್ವರದ ಬಚ್ಚಾಸಾನಿ ಹೆಣ್ಣುಮಕ್ಕಳ ಕಂಪನಿಯನ್ನೇ ಕಟ್ಟಿದ್ದರು. ಮೈಸೂರು ಕಡೆ ಮಹಮ್ಮದ್ ಪೀರ್ ಅವರ ಚಂದ್ರಕಲಾ ನಾಟಕ ಮಂಡಳಿಯನ್ನು ಜನ ಎದೆಗೆ ಹಚ್ಚಿಕೊಂಡರು. ಆದರೆ ಇಲ್ಲಿಯೂ ಒಂದು ಲೆಕ್ಕ ತಪ್ಪಿದೆ. ಕಂಪನಿ ನಾಟಕ ನಮ್ಮ ಸೀಮೆಯ ದೊಡ್ಡ ಸಂಗೀತ ಶಾಲೆಯಾಗಿತ್ತು. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇಬ್ಬರೂ ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿ ಹಾಡಿದವರೇ. ಅವರು ಅಲ್ಲಿಂದ ಮುಂದೆ ನಡೆದು ಪಂಡಿತರಾದರು, ಆಗಬೇಕಾದದ್ದೇ. ಅದೇ ಕಾಲುಪೆಟ್ಟಿಗೆಯ ಶ್ರುತಿಗೆ ಹಾಡಿದ ಹೆಣ್ಣುಮಕ್ಕಳು "ಕಂಪನಿಯವಳು" ಆಗಿಯೇ ಉಳಿದರು. ಗಂಡಸಿಗೆ ಕಂಪನಿ ಮೆಟ್ಟಿಲಾಯಿತು, ಹೆಂಗಸಿಗೆ ಹಣೆಪಟ್ಟಿಯಾಯಿತು.

ಈಗ ತಂಗಿಯ ಮಾತು. ಅಮೀರಬಾಯಿ ಎಳೆಯ ವಯಸ್ಸಿನಲ್ಲೇ ಮುಂಬಯಿಗೆ ಹೋದರು. ನಟಿಸಿದರು, ಹಾಡಿದರು. 1940ರ 'ನರಸಿ ಭಗತ್' ಚಿತ್ರಕ್ಕೆ ಹಾಡಿದರು. 1943ರ 'ಕಿಸ್ಮತ್' ಅವರ ದನಿಯನ್ನು ದೇಶದ ಮೂಲೆಮೂಲೆಗೆ ಮುಟ್ಟಿಸಿತು. ಆ ಚಿತ್ರ ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ನಡೆಯಿತು. ಅದರಲ್ಲಿ ಕವಿ ಪ್ರದೀಪ ಬರೆದು ಅನಿಲ್ ಬಿಸ್ವಾಸ್ ಸಂಗೀತ ಕೂಡಿಸಿದ, ಪರಕೀಯರಿಗೆ ಎಚ್ಚರಿಕೆ ಹೇಳುವ ಹಾಡನ್ನು ಕ್ವಿಟ್ ಇಂಡಿಯಾ ಚಳವಳಿಯ ಬಿಸಿಯಲ್ಲಿ ಜನ ಮತ್ತೆ ಮತ್ತೆ ಹಾಡಿಸಿಕೊಂಡರು. ಹೆಣ್ಣಿನ ದನಿ ಬೀಳಗಿಯ ಅಮೀರಬಾಯಿಯದು. 1944ರ 'ರತನ್'ನಲ್ಲಿ ನೌಷಾದರಿಗೆ ಹಾಡಿದರು. 1946ರಲ್ಲಿ ಗುಜರಾತಿ 'ರಾಣಕದೇವಿ'ಗೆ ಹಾಡಿದ ಹಾಡನ್ನು ಗುಜರಾತಿಗಳು ಇನ್ನೂ ಮರೆತಿಲ್ಲ. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಅವರೇ ಸಂಗೀತ ನೀಡಿದರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶನಕ್ಕೆ ಕೈ ಹಾಕುವುದು ತೀರ ಅಪರೂಪವಾಗಿದ್ದ ಕಾಲ ಅದು. ಮರುವರ್ಷ ಲತಾ ಮಂಗೇಶಕರ್ ಅವರ ದನಿ ಎಲ್ಲ ಕಡೆ ತುಂಬಿಕೊಂಡಿತು, ತೆಳುವಾದ ಎತ್ತರದ ದನಿಯ ಕಾಲ ಬಂತು. ಅಮೀರಬಾಯಿ, ಜೊಹ್ರಾಬಾಯಿಯಂಥವರ ಎದೆಯಾಳದ ದನಿಗೆ ಬೇಡಿಕೆ ಇಳಿಯಿತು. ನಟ ಹಿಮಾಲಯವಾಲಾ ಅವರೊಡನೆ ಆದ ಮೊದಲ ಮದುವೆ ನೋವಿನಲ್ಲಿ ಮುಗಿದಿತ್ತು. 1965ರ ಮಾರ್ಚ್ 3ರಂದು ಅಮೀರಬಾಯಿ ತೀರಿಕೊಂಡರು.

ಅಕ್ಕ-ತಂಗಿಯರನ್ನು ಒಟ್ಟಿಗೆ ಇಟ್ಟು ನೋಡಿದಾಗ ನಮಗೆ ಒಂದು ಸಂಗತಿ ಕಾಡುತ್ತದೆ. ತಂಗಿಯ ದನಿ ತೆರೆಯ ಹಿಂದೆ ನಿಂತು ಬೇರೆ ನಟಿಯರ ತುಟಿಗೆ ಹೋಯಿತು. ಜನ ಮುಖ ನೋಡಿದರು, ದನಿ ಯಾರದೆಂದು ಕೇಳಲು ತಡಮಾಡಿದರು. ಅಕ್ಕ ರಂಗದ ಮೇಲೆ ಎಲ್ಲರಿಗೂ ಕಾಣುವಂತೆ ನಿಂತರು. ಜನ ಅವರ ದನಿಯಲ್ಲಿ ಬೇರೊಬ್ಬರನ್ನು ಹುಡುಕಿದರು. ಒಬ್ಬಳಿಗೆ ಮುಖ ಸಿಗಲಿಲ್ಲ, ಇನ್ನೊಬ್ಬಳಿಗೆ ದನಿ ಸಿಗಲಿಲ್ಲ. ಆದರೂ ತಂಗಿಗೆ ಒಂದು ಅನುಕೂಲವಿತ್ತು. ಹಾಡು ಉಳಿಯಿತು, ರೇಡಿಯೋ ಇತ್ತು, ನಮ್ಮ ನಾನಿಯಂಥವರು ಇದ್ದರು. ನಾಟಕ ಹಾಗಲ್ಲ. ಪರದೆ ಇಳಿದ ಮೇಲೆ ಅದು ನೋಡಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ನೋಡಿದವರು ನೆನೆಯಲು ಮನಸ್ಸು ಮಾಡದಿದ್ದರೆ ಅಲ್ಲಿಗೆ ಮುಗಿಯಿತು.

ಗೋಹರಬಾಯಿಯವರ ಕೊನೆಯ ವರ್ಷಗಳು ಶುಶ್ರೂಷೆಯಲ್ಲಿ ಕಳೆದವು. 1950ರ ದಶಕದ ಆರಂಭದಲ್ಲಿ ಬಾಲಗಂಧರ್ವರ ಕಾಲುಗಳು ಸ್ವಾಧೀನ ತಪ್ಪಿದವು. ಒಂದು ಕಾಲಕ್ಕೆ ಅತ್ತರು ಚಿಮುಕಿಸಿದ ಮನುಷ್ಯ ಕೂತಲ್ಲಿಂದಲೇ ಭಜನೆ ಹಾಡುವ ಸ್ಥಿತಿಗೆ ಬಂದರು. ಕೈ ಬರಿದಾಗಿತ್ತು. ಆ ದಿನಗಳಲ್ಲಿ ಅವರ ಮಗ್ಗುಲಲ್ಲಿ ಇದ್ದವರು ಗೋಹರಬಾಯಿ. 1964ರಲ್ಲಿ ಭಾರತ ಸರ್ಕಾರ ಬಾಲಗಂಧರ್ವರಿಗೆ ಪದ್ಮಭೂಷಣ ನೀಡಿತು. ಅದೇ 1964ರಲ್ಲಿ ಗೋಹರಬಾಯಿ ತೀರಿಕೊಂಡರು. ಮೂರು ವರ್ಷದ ಮೇಲೆ, 1967ರ ಜುಲೈ 15ರಂದು ಬಾಲಗಂಧರ್ವರೂ ಹೋದರು. ಬಾಲಗಂಧರ್ವರ ಹೆಸರಿನಲ್ಲಿ ಪುಣೆಯಲ್ಲಿ ರಂಗಮಂದಿರವಿದೆ. 2011ರಲ್ಲಿ ಅವರ ಮೇಲೆ ಸಿನಿಮಾ ಬಂತು. ಒಳ್ಳೆಯದೇ ಆಯಿತು. ಆದರೆ ಆ ಎರಡು ತಾರೀಖುಗಳಲ್ಲಿ ಒಂದನ್ನು ಊರೆಲ್ಲ ನೆನೆಯುತ್ತದೆ, ಇನ್ನೊಂದನ್ನು ಹುಡುಕಬೇಕಾಗುತ್ತದೆ.

ಇಷ್ಟರ ತನಕ ಬೇರೆಯವರನ್ನು ದೂರಿದೆವು. ಇನ್ನು ನಮ್ಮ ಮನೆಯ ಮಾತು. ನಾವು ಮುಸ್ಲಿಮರು ಈ ಹೆಣ್ಣುಮಕ್ಕಳಿಗೆ ಏನು ಮಾಡಿದೆವು? ವೇದಿಕೆಯ ಮೇಲೆ ನಮ್ಮ ಕೊಡುಗೆಯ ಪಟ್ಟಿ ಓದುವಾಗ ಥಿರಕ್ವಾ ಸಾಹೇಬರ ಹೆಸರು ಹೇಳುತ್ತೇವೆ, ಅಬ್ದುಲ್ ಕರೀಂ ಖಾನ್ ಸಾಹೇಬರ ಹೆಸರು ಹೇಳುತ್ತೇವೆ. ಗೋಹರಬಾಯಿ, ಅಮೀರಬಾಯಿ ಹೆಸರು ಬರುವಾಗ ಗಂಟಲು ಕಟ್ಟುತ್ತದೆ. ಒಮ್ಮೆ ಒಂದು ಮದುವೆ ಮನೆಯಲ್ಲಿ, ಆ ಕಡೆಯವರೇ ಆದ ಹಿರಿಯರೊಬ್ಬರನ್ನು ಈ ಅಕ್ಕ-ತಂಗಿಯರ ಬಗ್ಗೆ ಕೇಳಿದೆವು. ಅವರು ಸುತ್ತ ನೋಡಿ, "ಬೇಟಾ, ಹೆಂಗಸರು ಮಕ್ಕಳು ಇರೋ ಕಡೆ ಆ ಮಾತು ಯಾಕೆ?" ಎಂದರು. ಸಂಗೀತದ ಬಗ್ಗೆ ನಮ್ಮ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯ ಹಿಂದಿನಿಂದಲೂ ಇದೆ, ಅದನ್ನು ಗೌರವಿಸಬೇಕು. ಆದರೆ ತಬಲಾ ಬಾರಿಸಿದ ಗಂಡಸಿನ ಬಗ್ಗೆ ಇಲ್ಲದ ಸಂಕೋಚ ಹಾಡಿದ ಹೆಣ್ಣಿನ ಬಗ್ಗೆ ಮಾತ್ರ ಇದೆಯೆಂದರೆ ಅದು ದೀನಿನ ಸಂಕೋಚವಲ್ಲ, ಬೇರೆಯದೇ. ಪುಣೆಯ ರಸಿಕರ ಹೊಸ್ತಿಲೂ ನಮ್ಮ ಹೊಸ್ತಿಲೂ ಒಂದೇ ಮರದ್ದು.

ಕನ್ನಡದವರ ಪಾಲೂ ಇದೆ. ಬೇರೆ ಊರಿಗೆ ಹೋದ ಈ ಸೋದರಿಯರ ಹೆಸರಿಗೆ "ಕರ್ನಾಟಕಿ" ಎಂಬ ಮಾತು ಅಂಟಿಕೊಂಡಿತು. ಅವರು ಹೋದಲ್ಲೆಲ್ಲ ನಮ್ಮ ನಾಡಿನ ಹೆಸರನ್ನು ಹೊತ್ತು ತಿರುಗಿದರು, ಅದೂ ಕರ್ನಾಟಕ ಎಂಬ ರಾಜ್ಯ ಇನ್ನೂ ಇಲ್ಲದಿದ್ದ ಕಾಲದಲ್ಲಿ. ಏಕೀಕರಣದ ಕತೆ ಹೇಳುವಾಗ ಕವಿಗಳನ್ನು, ವಕೀಲರನ್ನು, ಪತ್ರಕರ್ತರನ್ನು ನೆನೆಯುತ್ತೇವೆ. ಹೆಸರಿನಲ್ಲೇ ನಾಡನ್ನು ಇಟ್ಟುಕೊಂಡ ಇವರನ್ನು ಆ ಸಾಲಿನಲ್ಲಿ ನಿಲ್ಲಿಸಿದ್ದು ಕಾಣೆವು. ರಹಮತ್ ತರೀಕೆರೆಯವರು ಅಮೀರಬಾಯಿಯವರ ಮೇಲೆ ಪುಸ್ತಕವನ್ನೇ ಬರೆದು ಈ ಋಣದಲ್ಲಿ ಒಂದು ಪಾಲು ತೀರಿಸಿದರು. ಅಂಥ ಕೆಲಸ ಅಕ್ಕನ ಬಗ್ಗೆಯೂ ಆಗಬೇಕು. ಹಳೆಯ ತಟ್ಟೆಗಳನ್ನು ಕೂಡಿಟ್ಟವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಲ್ಲಿ ಇರುವುದನ್ನು ಕೇಳಿ, ಬರೆದಿಟ್ಟು, ಸಂಗೀತ ಬಲ್ಲವರಿಂದ ಬೆಲೆ ಕಟ್ಟಿಸಬೇಕು. ಹೊಗಳಿಕೆ ಬೇಕಿಲ್ಲ, ಬೆಲೆ ಕಟ್ಟಿದರೆ ಸಾಕು. ಎಲ್ಲಿ ಚೆನ್ನಾಗಿ ಹಾಡಿದ್ದಾರೆ, ಎಲ್ಲಿ ಗುರುವಿನ ನೆರಳಿನಿಂದ ಹೊರಬರಲಾಗಿಲ್ಲ ಎಂದು ಹೇಳಿಸಿಕೊಳ್ಳುವುದು ಕಲಾವಿದೆಯ ಹಕ್ಕು. ಇದುವರೆಗೆ ಅವರಿಗೆ ನಿಂದೆ ಸಿಕ್ಕಿದೆ, ಅನುಕಂಪ ಸಿಕ್ಕಿದೆ, ವಿಮರ್ಶೆ ಸಿಕ್ಕಿಲ್ಲ.

ಅನುಕಂಪದ ಬಗ್ಗೆಯೂ ಎಚ್ಚರವಾಗಿರಬೇಕು. ಇತ್ತೀಚೆಗೆ ಇವರ ಬದುಕನ್ನು ಸೌಹಾರ್ದದ ಸುಂದರ ಕತೆಯಾಗಿ ಹೇಳುವ ಆಸೆ ಕಾಣುತ್ತಿದೆ: ಹಿಂದೂ ನಟ, ಮುಸ್ಲಿಂ ಗಾಯಕಿ, ಮತ ಮೀರಿದ ಪ್ರೇಮ. ಕಾಲ ಕೆಟ್ಟಿರುವಾಗ ಇಂಥ ಕತೆ ಬೇಕು ಎನಿಸುವುದು ಸಹಜ. ಆದರೆ ದೂರಿದವರು ಅವರನ್ನು ಬಾಲಗಂಧರ್ವರ ಕತೆಯ ಖಳನಾಯಕಿ ಮಾಡಿದರು. ಹೊಗಳುವವರು ಅದೇ ಕತೆಯ ತ್ಯಾಗಮಯಿ ಮಾಡುತ್ತಾರೆ. ಎರಡರಲ್ಲೂ ಕತೆ ಬಾಲಗಂಧರ್ವರದ್ದೇ. ಗೋಹರಬಾಯಿ ಕಟ್ಟುನಿಟ್ಟಿನ ಹೆಂಗಸಾಗಿದ್ದಿರಬಹುದು, ಬಂದವರನ್ನು ಬಾಗಿಲಲ್ಲೇ ತಡೆದಿರಬಹುದು. ಕಾಯಿಲೆಯ ಮನೆಯಲ್ಲಿ, 'ನೀನು ಯಾರು' ಎಂಬ ಕಣ್ಣುಗಳ ಎದುರಿಗೆ ಇರುವವರು ಎಲ್ಲರಿಗೂ ಪಾನಸುಪಾರಿ ಕೊಟ್ಟು ಕೂರಿಸುತ್ತಾರೆಯೇ? ಅವರು ಒಳ್ಳೆಯವರೋ ಕೆಟ್ಟವರೋ ಎಂಬ ತೀರ್ಪು ನಮಗೆ ಬೇಕಿಲ್ಲ. ಗಂಡು ಕಲಾವಿದರ ವಿಷಯದಲ್ಲಿ ಆ ತೀರ್ಪನ್ನು ಬದಿಗಿಟ್ಟು ಹಾಡು ಕೇಳುವುದು ನಮಗೆ ಎಂದೋ ಬಂದಿದೆ.

ಕತೆ ಬರೆಯುವವರಾಗಿ ನಾವು ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಬೇಕು. ಕೆಲವು ವರ್ಷಗಳ ಹಿಂದೆ ಗೋಹರಬಾಯಿಯವರ ಮೇಲೆ ಕತೆಯೊಂದನ್ನು ಶುರು ಮಾಡಿದ್ದೆವು. ಏಳೆಂಟು ಪುಟ ಬರೆದ ಮೇಲೆ ಅದು ನಿಂತುಹೋಯಿತು. ಯಾಕೆಂದು ಆಗ ತಿಳಿಯಲಿಲ್ಲ. ಈ ಲೇಖನಕ್ಕಾಗಿ ಆ ಹಾಳೆಗಳನ್ನು ಹೊರತೆಗೆದು ಓದಿದಾಗ ಗೊತ್ತಾಯಿತು. ಕತೆ ತೆರೆಯುವುದೇ ಬಾಲಗಂಧರ್ವರ ಬಿಡಾರದ ಬಾಗಿಲಲ್ಲಿ. ಅವರು ತಲೆಯೆತ್ತಿ ನೋಡುತ್ತಾರೆ, ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಅಂದರೆ ನಾವೂ ಆಕೆಯನ್ನು ಅವರ ಕಣ್ಣಿನಿಂದಲೇ ನೋಡಿದ್ದೆವು. ಆ ಹೆಂಗಸು ಬಾಗಿಲಿಗೆ ಬರುವ ಮೊದಲು ಎಷ್ಟು ವರ್ಷ ಹಾಡಿದ್ದಳು, ಯಾವ ಯಾವ ಊರಿನ ಮಣ್ಣು ತುಳಿದಿದ್ದಳು, ಯಾರ ಮುಂದೆ ಕೂತು ಸ್ವರ ತಿದ್ದಿಕೊಂಡಿದ್ದಳು ಎಂಬ ಕಡೆಗೆ ನಮ್ಮ ಪೆನ್ನು ಹೋಗಿರಲೇ ಇಲ್ಲ.

ಆ ಹಾಳೆಗಳನ್ನು ಹರಿದೆವು. ಕತೆಯನ್ನು ಮತ್ತೆ ಬರೆಯಲು ಕೂತಿದ್ದೇವೆ. ಈ ಸಲ ಬೀಳಗಿಯಿಂದ ಶುರು ಮಾಡಿದ್ದೇವೆ.